ಶಕುಂತಲಾ ದೇವಿಯವರ ಉತ್ತರವನ್ನು ಕೈಲೆಕ್ಕದಲ್ಲಿ ತಾಳೆ ನೋಡಿದೆ

1980ರ ಜೂನ್ 18, ಲಂಡನ್ನಿನ ಇಂಪೀರಿಯಲ್ ಕಾಲೇಜು. ನಮ್ಮ ಬೆಂಗಳೂರಿನ ಶಕುಂತಲಾ ದೇವಿ ಅವತ್ತು 7,686,369,774,870ನ್ನು 2,465,099,745,779ರಿಂದ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಕೊಟ್ಟರು: 18,947,668,177,995,426,462,773,730. ಚಿಕ್ಕಂದಿನಿಂದ ಕೇಳಿದ ಕತೆ ಇದು. ಆದರೆ ಆ ಇಪ್ಪತ್ತಾರು ಅಂಕಿಗಳನ್ನು ನಾನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಮೊಬೈಲಿನ ಕ್ಯಾಲ್ಕುಲೇಟರ್ ಮೊದಲ ಕೆಲವು ಅಂಕಿ ತೋರಿಸಿ ಮಿಕ್ಕದ್ದನ್ನು ನುಂಗಿಬಿಟ್ಟಿತು. ಒಂದು ಭಾನುವಾರ ಚೌಕುಳಿ ನೋಟ್‌ಬುಕ್ ಹಿಡಿದು ಕೂತೆ.

ಉತ್ತರದ ಕೊನೆಗೆ ಸೊನ್ನೆ ಇರುವುದರಿಂದ 2 ಮತ್ತು 5 ಹೋಗುತ್ತವೆ. ಕೊನೆಯ ಎರಡು ಅಂಕಿ 30, ಹಾಗಾಗಿ 4 ಹೋಗದು. ಅಂಕಿಗಳನ್ನೆಲ್ಲ ಕೂಡಿದರೆ 138. 3 ಹೋಗುತ್ತದೆ, 9ಕ್ಕೆ 3 ಶೇಷ. ಗುಣಿಸಿದ ಸಂಖ್ಯೆಗಳ ಅಂಕಿಮೊತ್ತ 78 ಮತ್ತು 74, ಶೇಷ 6 ಮತ್ತು 2. ಆರೆರಡ್ಲ ಹನ್ನೆರಡು, ಅದರಲ್ಲಿ 9 ಕಳೆದರೆ 3. ತಾಳೆಯಾಯಿತು.

ಆದರೂ ಸಮಾಧಾನವಾಗಲಿಲ್ಲ, 1001ರ ಪರೀಕ್ಷೆಗೆ ಇಳಿದೆ. 7, 11, 13ನ್ನು ಗುಣಿಸಿದರೆ 1001 ಬರುವುದರಿಂದ ಒಂದೇ ಏಟಿಗೆ ಮೂರನ್ನೂ ನೋಡಬಹುದು. ಇದಕ್ಕೆ ನಮ್ಮ ಲಕ್ಷ, ಕೋಟಿಯ ಅಲ್ಪವಿರಾಮ ಬಿಟ್ಟು, ಬಲದಿಂದ ಮೂರು ಮೂರು ಅಂಕಿಯ ಗುಂಪು ಮಾಡಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋಗಬೇಕು. ಮೊದಲ ಸಂಖ್ಯೆಗೆ −214 ಬಂತು, ಎರಡನೆಯದಕ್ಕೆ −330. ಗುಣಿಸಿದರೆ 70,620; ಅದರಲ್ಲಿ 1001ರ ಎಪ್ಪತ್ತರಷ್ಟು, ಅಂದರೆ 70,070 ಕಳೆದರೆ ಶೇಷ 550. ಉತ್ತರದ ಗುಂಪುಗಳಿಂದಲೂ 550 ಬರಬೇಕು. ನನಗೆ ಬಂದದ್ದು 568!

ಎದೆ ಧಸಕ್ಕೆಂದಿತು. ಎರಡು ಸಲ ಕೂಡಿ ಕಳೆದರೂ ಅದೇ. ಆಮೇಲೆ ಹೊಳೆಯಿತು: ವ್ಯತ್ಯಾಸ 18, ಅಂದರೆ ಒಂಬತ್ತೆರಡ್ಲ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದಾಗ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬರುತ್ತದೆ. ಅದಕ್ಕೇ ಒಂಬತ್ತರ ಪರೀಕ್ಷೆಗೆ ಅದು ಸಿಕ್ಕಿರಲಿಲ್ಲ. ಹುಡುಕಿದರೆ, 668 ಎಂದು ಬರೆಯಬೇಕಾದ ಕಡೆ ನಾನು 686 ಎಂದು ನಕಲು ಮಾಡಿದ್ದೆ. ತಿದ್ದಿದ ಮೇಲೆ ಸರಿಯಾಗಿ 550. ಇದಕ್ಕೆ 11 ಹೋಗುತ್ತದೆ, 7 ಮತ್ತು 13 ಹೋಗವು. ಹೀಗೆ ಆ ಮಹಾಸಂಖ್ಯೆ 330ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದು ಗೊತ್ತಾಯಿತು.

ಶೇಷ ಸರಿಬಂದ ಮಾತ್ರಕ್ಕೆ ಉತ್ತರ ಪೂರ್ತಿ ಸರಿ ಎನ್ನಲಾಗದು. ಆದ್ದರಿಂದ ಗುಂಪು ಗುಂಪಾಗಿಯೇ ಗುಣಿಸಿದೆ, ಒಟ್ಟು 25 ಚಿಕ್ಕ ಗುಣಾಕಾರ. 870 ಇಂಟು 779 ಅಂದರೆ 677,730. 730 ಬರೆದು 677 ಕೈಯಲ್ಲಿ. ಮುಂದಿನ ಗುಂಪಿಗೆ ಎರಡು ಗುಣಲಬ್ಧ, ಜೊತೆಗೆ ಆ 677: 1,251,773. 773 ಬರೆದೆ. ನಡುವಿನ ಗುಂಪಿಗೆ ಐದು ಗುಣಲಬ್ಧ ಕೂಡಬೇಕು, ಅಲ್ಲಿ ಬೆವರಿಳಿಯಿತು. ನಾನು ತಪ್ಪಿದ್ದ ಜಾಗ ಬಂದಾಗ ಮೊತ್ತ 320,668. ಆ 668ನ್ನು ಈ ಸಲ ಒಂದೊಂದೇ ಅಂಕಿ ಓದಿಕೊಂಡು ಬರೆದೆ. ಕೊನೆಗೆ ಏಳೆರಡ್ಲ ಹದಿನಾಲ್ಕು, ಕೈಯಲ್ಲಿದ್ದ ನಾಲ್ಕು ಸೇರಿ 18.