ಸ್ಟೇಟರ್ ಸುಡುವುದು ಕೊನೆಗೂ ನಿಂತಿತು: ಹಳೆಯ ಡ್ಯುಯಲ್ ಸ್ಪೋರ್ಟ್ ಬೈಕಿನ ಚಾರ್ಜಿಂಗ್ ರಿಪೇರಿ, ನನ್ನ ಅನುಭವ

ನನ್ನದು 600 ಸಿಸಿ ಸಿಂಗಲ್ ಸಿಲಿಂಡರ್. ಕಾರ್ಬ್ಯುರೇಟರ್ ಗಾಡಿ, ಕಿಕ್ಕರ್ ಕೂಡ ಇದೆ. ಸ್ಟೇಟರ್ ಅಂದರೆ ಎಂಜಿನ್ ಕವರಿನ ಒಳಗೆ ಕರೆಂಟ್ ಹುಟ್ಟಿಸುವ ಕಾಯಿಲ್‌ಗಳು; ಆ ಕರೆಂಟನ್ನು ಬ್ಯಾಟರಿಗೆ ಬೇಕಾದ ಮಟ್ಟಕ್ಕೆ ತರುವುದು ರೆಗ್ಯುಲೇಟರ್. ಬೇಡದ ಕರೆಂಟನ್ನು ಒಳಗೇ ಬಿಡದ ಸೀರೀಸ್ ರೆಗ್ಯುಲೇಟರ್ ಹಾಕುತ್ತೇನೆ ಅಂದಾಗ ಗೊತ್ತಿದ್ದವರೆಲ್ಲ ಬೇಡ ಅಂದರು. ‘ಲೋಡ್ ಇಲ್ಲದಾಗ ವೋಲ್ಟೇಜ್ ಏರಿ ಸ್ಟೇಟರಿನ ವೈಂಡಿಂಗ್ ಒಡೆದು ಹೋಗುತ್ತೆ’ ಅನ್ನುವುದು ಅವರ ವಾದ. ಎರಡು ಮಳೆಗಾಲ ದಾಟಿದೆ, ಅದೇ ಸ್ಟೇಟರ್ ಇನ್ನೂ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ನನ್ನ ಕೈಗೆ ಬಂದಾಗ ಬ್ಯಾಟರಿ ಪದೇಪದೇ ಡೌನ್ ಆಗುತ್ತಿತ್ತು. ತಣ್ಣಗಿರುವಾಗ ಮೀಟರ್ ಇಟ್ಟರೆ ಎಲ್ಲ ಸರಿ. ಸ್ಟೇಟರಿನಿಂದ ಬರುವ ಮೂರು ಹಳದಿ ವೈರುಗಳ ನಡುವೆ ಅರ್ಧ ಓಮ್ ಆಸುಪಾಸು, ಗಾಡಿಯ ಬಾಡಿ ಜೊತೆ ಕಂಟಿನ್ಯುಟಿ (ಸಂಪರ್ಕ) ಇಲ್ಲ. 5000 ಆರ್‌ಪಿಎಂನಲ್ಲಿ ಪ್ರತಿ ಜೋಡಿಗೂ ಸುಮಾರು 60 ವೋಲ್ಟ್ ಎಸಿ. ಅರ್ಧ ಗಂಟೆ ಓಡಿಸಿ, ಎಂಜಿನ್ ಬಿಸಿ ಇರುವಾಗಲೇ ನೋಡಿದರೆ ಕಥೆಯೇ ಬೇರೆ. ಒಂದು ಜೋಡಿ 40ಕ್ಕೆ ಇಳಿದಿತ್ತು, ಬಾಡಿ ಜೊತೆ ಶಾರ್ಟ್ ಕೂಡ ತೋರಿಸಿತು. ಸ್ಟೇಟರ್ ಟೆಸ್ಟ್ ಮಾಡುವುದಾದರೆ ಬಿಸಿಯಲ್ಲೇ ಮಾಡಿ. ತಣ್ಣಗಿರುವಾಗಿನ ರೀಡಿಂಗ್ ನಂಬಿ ಒಳ್ಳೆಯ ಬ್ಯಾಟರಿಗಳನ್ನು ಎಸೆದವರು ಬಹಳ ಜನ ಇದ್ದಾರೆ.

ಕಂಪನಿ ಸ್ಟೇಟರಿನ ಬೆಲೆ ಕೇಳಿದರೆ ಗಾಡಿಗೆ ಕೊಟ್ಟ ದುಡ್ಡಿನ ಮೂರನೇ ಒಂದು ಭಾಗ! ಅದರ ಕಾಲು ಭಾಗದ ಬೆಲೆಗೆ ಸಿಕ್ಕ ನಕಲಿ ಹಾಕಿದೆ. ಕೆಲವೇ ತಿಂಗಳಲ್ಲಿ ಸುಟ್ಟಿತು. ಕವರ್ ಬಿಚ್ಚಿದರೆ ಕಾಯಿಲ್‌ಗಳು ಕರಕಲು, ಆಯಿಲ್ ತುಂಬ ಸುಟ್ಟ ವಾಸನೆ. ಜೊತೆಗೆ ಹೊಸ ಗ್ಯಾಸ್ಕೆಟ್, ಹೊಸ ಆಯಿಲ್ ಖರ್ಚು. ಅಗ್ಗ ಅನ್ನಿಸಿದ್ದು ಕೊನೆಗೆ ಅಗ್ಗವಾಗಿ ಉಳಿಯಲಿಲ್ಲ.

ಆಗ ವೈರ್ ಕತ್ತರಿಸದೆ ಹೊರಗಿನಿಂದಲೇ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ತೆಗೆದುಕೊಂಡೆ. ಈ ಕೆಲಸಕ್ಕೆ ಹಾಕಿದ ದುಡ್ಡಿನಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ. ಹಳೆಯ ಶಂಟ್ ರೆಗ್ಯುಲೇಟರ್ ಇರುವಾಗ 4000 ಆರ್‌ಪಿಎಂನಲ್ಲಿ ಪ್ರತಿ ಹಳದಿ ವೈರಿನಲ್ಲೂ 13-14 ಆಂಪ್ಸ್. ಹೆಡ್‌ಲೈಟ್ ಹಾಕಿದರೂ ಅಷ್ಟೇ, ಆರಿಸಿದರೂ ಅಷ್ಟೇ. ಬೇಡವಾದ ಕರೆಂಟನ್ನು ಅದು ಶಾರ್ಟ್ ಮಾಡಿಬಿಡುತ್ತದೆ, ಹಾಗಾಗಿ ಸ್ಟೇಟರಿಗೆ ವಿಶ್ರಾಂತಿ ಅನ್ನುವುದೇ ಇಲ್ಲ. ಎಲ್‌ಇಡಿ ಹೆಡ್‌ಲೈಟ್ ಹಾಕಿ ಸ್ಟೇಟರ್ ಉಳಿಸುತ್ತೇವೆ ಅನ್ನುವವರು ಇದನ್ನು ಒಮ್ಮೆ ಅಳೆದು ನೋಡಬೇಕು. ನಾನು 55 ವಾಟಿನ ಬಲ್ಬ್ ತೆಗೆದು ಎಲ್‌ಇಡಿ ಹಾಕಿದೆ. ಐಡಲಿಂಗ್‌ನಲ್ಲಿ ಬ್ಯಾಟರಿಗೆ ಅನುಕೂಲವಾಯಿತು ನಿಜ. ಓಡುವಾಗ ಸ್ಟೇಟರಿನ ಕರೆಂಟ್ ಮಾತ್ರ ಸ್ವಲ್ಪವೂ ಇಳಿಯಲಿಲ್ಲ.

ಈ ನಡುವೆ ಇನ್ನೊಂದು ಆಟ. ಹಳೆಯ ರೆಗ್ಯುಲೇಟರ್ ಇದ್ದಾಗಲೇ ಬ್ಯಾಟರಿ ಕಿತ್ತು ಆ ಜಾಗಕ್ಕೆ 22000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಟ್ಟೆ. ಎರಡು ಮೂರು ಕಿಕ್ಕಿಗೆ ಸ್ಟಾರ್ಟ್ ಆಯಿತು! ಐಡಲಿಂಗ್‌ನಲ್ಲಿ ಇಂಡಿಕೇಟರ್ ಹಾಕಿದರೆ ಹೆಡ್‌ಲೈಟೂ ಅದರ ಜೊತೆ ಮಿಣುಕುತ್ತಿತ್ತು. ದಾರಿಯಲ್ಲಿ ಬ್ಯಾಟರಿ ಕೈಕೊಟ್ಟಾಗ ಮನೆ ಸೇರಲು ಸಾಕು.

ಸರಿ, ಸ್ಟೇಟರಿಗೆ ಬರೋಣ. ಸುಟ್ಟ ನಕಲಿಯನ್ನು ಬದಿಗಿಟ್ಟು ಮೂಲ ಸ್ಟೇಟರಿನ ಕೋರ್ ಮೇಲೆ ನಾನೇ ರೀವೈಂಡ್ ಮಾಡಿದೆ. ಬಿಚ್ಚುವಾಗ ಸುತ್ತಿನ ಲೆಕ್ಕ, ದಿಕ್ಕು, ಕನೆಕ್ಷನ್ ಎಲ್ಲ ಬರೆದಿಟ್ಟುಕೊಳ್ಳಿ. ತಂತಿ 200 ಡಿಗ್ರಿ ತಡೆಯುವ ಇನ್ಸುಲೇಶನ್ ಲೇಪ, ಅಂದರೆ ಎನಾಮಲ್‌ನದ್ದೇ ಆಗಬೇಕು. ದಪ್ಪ ತಂತಿ, ಕಮ್ಮಿ ಸುತ್ತು ಹಾಕಿದರೆ ಕರೆಂಟ್ ಜಾಸ್ತಿ ಬರುತ್ತದೆಯೇ ಅಂತಲೂ ಒಮ್ಮೆ ನೋಡಿದೆ. ಬಂತು, ಆದರೆ 2500 ಆರ್‌ಪಿಎಂ ದಾಟುವವರೆಗೆ ಚಾರ್ಜಿಂಗೇ ಇಲ್ಲ. ಕಾಡುದಾರಿಯಲ್ಲಿ ನಿಧಾನ ಹೋಗುವ ಗಾಡಿಗೆ ಅದು ದಂಡ. ಬಿಚ್ಚಿ ಮೊದಲಿನ ಲೆಕ್ಕಕ್ಕೇ ಸುತ್ತಿದೆ. ಬಿಸಿ ಆಯಿಲ್ ತಡೆಯುವ ಎಪಾಕ್ಸಿ ಯಾವುದು, ಅದನ್ನು ಎಷ್ಟು ಹೊತ್ತು ಹೇಗೆ ಬೇಯಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದನ್ನು ಹುಡುಕಲು ಬಹಳ ತಂತಿ ಹಾಳಾಗಿದೆ. ತಂತಿ, ಎಪಾಕ್ಸಿ ಎಲ್ಲ ಸೇರಿ ಹೊಸ ಸ್ಟೇಟರ್ ಬೆಲೆಯ ಹತ್ತನೇ ಒಂದು ಭಾಗ ಖರ್ಚಾಗಿರಬಹುದು.

ರೆಗ್ಯುಲೇಟರ್ ಶಿಂಡೆಂಗೆನ್ ಎಸ್‌ಎಚ್ 775, ಸೆಕೆಂಡ್ ಹ್ಯಾಂಡ್. ಸೀರೀಸ್ ಮಾದರಿ, ಬೇಡದ ಕರೆಂಟನ್ನು ಶಾರ್ಟ್ ಮಾಡದೆ ದಾರಿಯನ್ನೇ ಮುಚ್ಚುತ್ತದೆ. ಹಾಕಿದ ಮೇಲೆ ಅದೇ 4000ದಲ್ಲಿ ಕ್ಲ್ಯಾಂಪ್ ಇಟ್ಟೆ. ಲೈಟ್ ಆರಿಸಿದಾಗ 4 ಆಂಪ್ಸ್, ಹಳೆಯ 55 ವಾಟಿನ ಬಲ್ಬ್ ಮತ್ತೆ ಸಿಕ್ಕಿಸಿ ಹಾಕಿದಾಗ 8-9. ಇಷ್ಟು ದಿನ ಸುಮ್ನೆ ಶಾಖವಾಗುತ್ತಿದ್ದದ್ದು ಎಷ್ಟು ಅಂತ ಆಗ ಗೊತ್ತಾಯಿತು. ವೋಲ್ಟೇಜ್ ಏರುವುದು ಸುಳ್ಳಲ್ಲ, 7000 ಹತ್ತಿರ 80 ದಾಟುತ್ತದೆ. ಆದರೆ ಒಳ್ಳೆಯ ಎನಾಮಲ್ ಸಾವಿರ ವೋಲ್ಟಿಗೂ ಜಗ್ಗುವುದಿಲ್ಲ. ಇನ್ಸುಲೇಶನ್ ಪರೀಕ್ಷಿಸುವ 500 ವೋಲ್ಟ್ ಮೆಗ್ಗರ್ ಹಚ್ಚಿ, ಬಿಸಿಯಲ್ಲೂ ನೋಡಿಯೇ ಕವರ್ ಮುಚ್ಚಿದ್ದೇನೆ.

ವೈರಿಂಗ್ ಕಡೆಗಣಿಸಬೇಡಿ. ಹಳೆಯ ದಾರಿಯಲ್ಲಿ ರೆಗ್ಯುಲೇಟರ್ ಪ್ಲಸ್‌ನಿಂದ ಬ್ಯಾಟರಿ ಪ್ಲಸ್‌ಗೆ ಅರ್ಧ ವೋಲ್ಟ್ ಬೀಳುತ್ತಿತ್ತು. ಹಳದಿ ವೈರುಗಳ ಕಪ್ಲರ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಕತ್ತರಿಸಿ ಎಸೆದೆ. ಪ್ಲಸ್, ಮೈನಸ್ ಎರಡನ್ನೂ ದಪ್ಪ ವೈರಿನಲ್ಲಿ ನೇರವಾಗಿ ಬ್ಯಾಟರಿಗೇ ಎಳೆದೆ, ಪ್ಲಸ್‌ಗೆ 20 ಆಂಪ್ಸ್ ಫ್ಯೂಸ್ ಕೊಟ್ಟೆ. ಈಗ ಬೀಳುವುದು ಒಂದು ಹತ್ತಾಂಶ ವೋಲ್ಟ್ ಕೂಡ ಇಲ್ಲ. ಬ್ಯಾಟರಿಯಲ್ಲಿ 14.2, ಬಿಸಿಯಾದರೂ ಅಷ್ಟೇ.

ಈಗ ಹೀಟೆಡ್ ಗ್ರಿಪ್ ಹಾಕಿದ್ದೇನೆ, ಇನ್ನೊಂದು 36 ವಾಟ್ ಲೋಡ್. ಐಡಲಿಂಗ್‌ನಲ್ಲಿ 13.1ಕ್ಕೆ ಇಳಿಯುತ್ತದೆ, ಸ್ವಲ್ಪ ಆಕ್ಸಲರೇಟರ್ ಕೊಟ್ಟರೆ ಮತ್ತೆ 14. ರೆಗ್ಯುಲೇಟರನ್ನು ಸೀಟಿನ ಕೆಳಗಿನಿಂದ ಗಾಳಿ ಬಡಿಯುವ ಕಡೆಗೆ ತರುವುದು ಬಾಕಿ ಇದೆ. ಅದಕ್ಕೆ ಅಲ್ಯೂಮಿನಿಯಂ ಪ್ಲೇಟ್ ಕತ್ತರಿಸಿ ಇಟ್ಟಾಗಿದೆ.