ಚರ್ಮದ ಸಂವೇದನೆಯನ್ನು ಮನೆಯಲ್ಲೇ ಪರೀಕ್ಷಿಸುವ ಕ್ರಮ

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಉಡುಪಿಯ ರಥಬೀದಿಯಲ್ಲಿ ಚಪ್ಪಲಿ ಕಳಚಿ ಕಾದ ಕಲ್ಲಿನ ಮೇಲೆ ಹೆಜ್ಜೆಯಿಟ್ಟವರು, ಬಿಸಿಯ ಅರಿವು ಪೂರ್ತಿಯಾಗಿ ಮೂಡುವ ಮೊದಲೇ ಕಾಲನ್ನು ಎತ್ತಿಕೊಂಡಿರುತ್ತಾರೆ. ಬಹುಕಾಲದಿಂದ ಸಕ್ಕರೆ ಕಾಯಿಲೆಯಿರುವ ನನ್ನ ತಂದೆಯವರು ಮೂರು ವರ್ಷಗಳ ಹಿಂದೆ ಅದೇ ಕಲ್ಲಿನ ಮೇಲೆ ನಿಧಾನವಾಗಿ ನಡೆದು ಬಂದರು. ಅಂಗಾಲಿನಲ್ಲಿ ಎದ್ದಿದ್ದ ನೀರುಗುಳ್ಳೆಯನ್ನು ರಾತ್ರಿ ಮೊದಲು ಕಂಡವರು ಅಮ್ಮ, ಅಪ್ಪನಿಗೆ ಅದರ ಸುಳಿವೇ ಇರಲಿಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು, ಚರ್ಮವು ಸ್ಪರ್ಶೇಂದ್ರಿಯ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದ ಪಾಠವನ್ನು ಅಂದಿನಿಂದ ಬೇರೆ ರೀತಿಯಲ್ಲಿ ಮಾಡುತ್ತಿದ್ದೇನೆ. ಚರ್ಮದೊಳಗೆ ಒತ್ತಡ, ಕಂಪನ, ತಂಪು, ಬಿಸಿ, ನೋವು ಇವುಗಳಿಗೆ ಬೇರೆ ಬೇರೆ ಗ್ರಾಹಕಗಳಿವೆ, ಅಂದರೆ ಅವನ್ನು ಗ್ರಹಿಸಿ ಸುದ್ದಿ ಕಳಿಸುವ ಸೂಕ್ಷ್ಮ ರಚನೆಗಳಿವೆ. ಅವುಗಳಲ್ಲಿ ಒಂದು ಬಗೆ ಸುಮ್ಮನಾದರೆ ಉಳಿದವು ಆ ಕೊರತೆಯನ್ನು ನಮಗೆ ತಿಳಿಸುವುದಿಲ್ಲ. ಆದ್ದರಿಂದ ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ ನೋಡಬೇಕಾಗುತ್ತದೆ.

ಇದಕ್ಕೆ ಬೇಕಾಗುವುದು ಎರಡು ಹಿಡಿಸೂಡಿ (ಪೊರಕೆ) ಕಡ್ಡಿಗಳು, ಒಂದು ಸ್ಕೇಲು, ಮೂರು ಪಾತ್ರೆಗಳು, ತುದಿ ಮೊಂಡಾದ ಒಂದು ಮೊಳೆ, ಪೆನ್ನು ಮತ್ತು ತಾಳ್ಮೆಯುಳ್ಳ ಒಬ್ಬ ಜೊತೆಗಾರ. ಪರೀಕ್ಷೆಗೆ ಒಳಗಾಗುವವರ ಕಣ್ಣಿಗೆ ಬೈರಾಸು ಕಟ್ಟಿರಬೇಕು, ಏಕೆಂದರೆ ಕಣ್ಣು ತೆರೆದಿದ್ದರೆ ಚರ್ಮ ಹೇಳಬೇಕಾದುದನ್ನು ಕಣ್ಣೇ ಹೇಳಿಬಿಡುತ್ತದೆ.

ಮೊದಲು ಸ್ಪರ್ಶ. ಕಡ್ಡಿಗಳ ತುದಿಗಳನ್ನು ಕತ್ತರಿಯಿಂದ ಸಮನಾಗಿ ಕತ್ತರಿಸಿ, ಅವುಗಳ ನಡುವೆ 3 ಮಿಲಿಮೀಟರ್ ಅಂತರವಿರುವಂತೆ ಹಿಡಿದು, ತೋರುಬೆರಳಿನ ತುದಿಗೆ ಎರಡನ್ನೂ ಒಂದೇ ಕ್ಷಣದಲ್ಲಿ ಹಗುರವಾಗಿ ತಾಗಿಸಿರಿ. ನಡುನಡುವೆ ಒಂದೇ ಕಡ್ಡಿಯನ್ನು ತಾಗಿಸುತ್ತಾ, ಒಂದೋ ಎರಡೋ ಎಂದು ಪ್ರತಿಸಲವೂ ಕೇಳಿರಿ. ಬೆರಳತುದಿಯಲ್ಲಿ 2ರಿಂದ 3 ಮಿಲಿಮೀಟರ್ ಅಂತರವೇ ಎರಡು ಎಂದು ತಿಳಿಯಲು ಸಾಕಾಗುತ್ತದೆ. ಅದೇ ಕಡ್ಡಿಗಳನ್ನು ಬೆನ್ನಿಗೆ ತಾಗಿಸಿದರೆ ಅಂತರ ಸುಮಾರು 40 ಮಿಲಿಮೀಟರ್ ಆಗುವವರೆಗೂ ಉತ್ತರ ಒಂದು ಎಂದೇ ಬರುತ್ತದೆ. ಇದನ್ನು ಮೊದಲಬಾರಿ ನೋಡುವ ಮಕ್ಕಳು ಯಾರೂ ನಂಬುವುದಿಲ್ಲ. ಜರ್ಮನಿಯ ಅರ್ನ್ಸ್ಟ್ ವೇಬರ್ 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಕೈವಾರದ ಎರಡು ಮೊನೆಗಳಿಂದ ಇಂಥ ಅಳತೆಗಳನ್ನು ಮಾಡಿದ್ದನು.

ವ್ಯತ್ಯಾಸಕ್ಕೆ ಕಾರಣ ಗ್ರಾಹಕಗಳ ದಟ್ಟಣೆ. ಒಂದು ಕೈಯ ಅಂಗೈ ಮತ್ತು ಬೆರಳುಗಳ ಒಳಮೈಯಲ್ಲಿ ಸ್ಪರ್ಶವನ್ನು ತಿಳಿಸುವ ನರತಂತುಗಳು ಸುಮಾರು 17,000 ಇದ್ದು, ಅವು ಬೆರಳತುದಿಗಳಲ್ಲಿ ಅತ್ಯಂತ ಒತ್ತಾಗಿವೆ. ಹೊರಚರ್ಮದ ತಳದಲ್ಲಿರುವ ಮರ್ಕೆಲ್ ಕೋಶಗಳು ಒತ್ತಡ ಇರುವಷ್ಟು ಹೊತ್ತೂ ವರದಿ ಕಳಿಸುತ್ತಾ, ವಸ್ತುವಿನ ಅಂಚು ಮತ್ತು ಆಕಾರವನ್ನು ತಿಳಿಸುತ್ತವೆ. ಅವುಗಳ ನೆರೆಯಲ್ಲಿರುವ ಮೈಸ್ನರ್ ಕಣಗಳು ಸ್ಪರ್ಶ ಆರಂಭವಾದಾಗ, ಮುಗಿದಾಗ ಮತ್ತು ವಸ್ತು ಬೆರಳಿನಿಂದ ಜಾರತೊಡಗಿದಾಗ ಮಾತ್ರ ಎಚ್ಚರಗೊಳ್ಳುತ್ತವೆ. ಶಂಕರಪುರದ ಕಡೆಯ ಮನೆಗಳಲ್ಲಿ ಮಾತನಾಡುತ್ತಲೇ ಬಾಳೆನಾರಿನಲ್ಲಿ ಮಲ್ಲಿಗೆ ಮೊಗ್ಗು ಕಟ್ಟುವ ಹೆಂಗಸರ ಬೆರಳುಗಳನ್ನು ಗಮನಿಸಿದರೆ ಈ ಎರಡೂ ಬಗೆಯ ಗ್ರಾಹಕಗಳ ಕೆಲಸ ಕಣ್ಣಿಗೆ ಕಟ್ಟುತ್ತದೆ: ಮೊಗ್ಗಿನ ತೊಟ್ಟು ಎಲ್ಲಿದೆಯೆಂದು ಒಂದು ಹೇಳಿದರೆ, ನಾರು ಎಷ್ಟು ಜಾರಿತೆಂದು ಇನ್ನೊಂದು ಹೇಳುತ್ತದೆ. ಚರ್ಮ ಎಳೆಯಲ್ಪಟ್ಟಾಗ ಸ್ಪಂದಿಸುವ ರುಫಿನಿ ತುದಿಗಳೂ, ಇರುವೆ ಹರಿದಾಡಿದರೆ ತಿಳಿಸುವ ರೋಮಬುಡದ ನರತುದಿಗಳೂ ಇವುಗಳ ಜೊತೆಗಿವೆ.

ಕಂಪನಕ್ಕೆ ಮೊಬೈಲ್ ಫೋನು ಸಾಕು. ಅದನ್ನು ವೈಬ್ರೇಟ್ ಸ್ಥಿತಿಯಲ್ಲಿ ಮರದ ಬೆಂಚಿನ ಒಂದು ತುದಿಯಲ್ಲಿಟ್ಟು, ಇನ್ನೊಂದು ತುದಿಯಲ್ಲಿ ಅಂಗೈಯೂರಿ, ಯಾರಾದರೂ ಕರೆಮಾಡಲಿ. ನಡುಕ ತಿಳಿಯುತ್ತದೆ, ಆದರೆ ಅಂಗೈಯ ಯಾವ ಬಿಂದುವಿನಲ್ಲಿ ಎಂದು ಹೇಳಲಾಗುವುದಿಲ್ಲ. ಚರ್ಮದ ಆಳದಲ್ಲಿ ನೀರುಳ್ಳಿಯಂತೆ ಪದರಪದರವಾಗಿರುವ, ಸುಮಾರು ಒಂದು ಮಿಲಿಮೀಟರ್ ಉದ್ದದ ಪಾಚೀನಿ ಕಣಗಳು ಸೆಕೆಂಡಿಗೆ 250ರ ಆಸುಪಾಸಿನ ಕಂಪನಗಳಿಗೆ ಅತ್ಯಂತ ಸೂಕ್ಷ್ಮವಾಗಿದ್ದು, ಒಂದೊಂದೂ ಬಹಳ ವಿಸ್ತಾರವಾದ ಪ್ರದೇಶದಿಂದ ಸುದ್ದಿ ಸಂಗ್ರಹಿಸುವುದೇ ಇದಕ್ಕೆ ಕಾರಣ.

ಉಷ್ಣತೆಯ ವಿಷಯಕ್ಕೆ ಹೆಚ್ಚು ಸಮಯ ಕೊಡಬೇಕೆಂದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ನಮ್ಮ ನಂಬಿಕೆಗಳು ಹೆಚ್ಚು ತಪ್ಪಾಗಿರುತ್ತವೆ. ಮೊಂಡು ಮೊಳೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು, ಒರೆಸಿ, ಮುಂಗೈಯ ಮೇಲೆ ಮಿಲಿಮೀಟರ್ ಮಿಲಿಮೀಟರ್ ಅಂತರದಲ್ಲಿ ತಾಗಿಸುತ್ತಾ ಹೋಗಿರಿ. ಕೆಲವು ಬಿಂದುಗಳಲ್ಲಿ ಮಾತ್ರ ತಟ್ಟನೆ ತಣ್ಣಗೆ ಎನಿಸುತ್ತದೆ, ಪಕ್ಕದ ಬಿಂದುವಿನಲ್ಲಿ ಬರೀ ಮುಟ್ಟಿದಂತಾಗುತ್ತದೆ. ತಣ್ಣಗಾದ ಕಡೆಯಲ್ಲೆಲ್ಲ ಪೆನ್ನಿನಿಂದ ಚುಕ್ಕೆಯಿಟ್ಟರೆ ಅದೊಂದು ನಕ್ಷೆಯಾಗುತ್ತದೆ. ಸ್ವೀಡನ್ನಿನ ಮಾಗ್ನಸ್ ಬ್ಲಿಕ್ಸ್ 1880ರ ದಶಕದಲ್ಲಿ ಇಂಥ ಬಿಂದುಗಳನ್ನು ಗುರುತಿಸಿದನು. ತಂಪಿನ ಬಿಂದುಗಳು ಬಿಸಿಯ ಬಿಂದುಗಳಿಗಿಂತ ಹಲವು ಪಟ್ಟು ಹೆಚ್ಚಾಗಿರುತ್ತವೆ.

ಅನಂತರ ಒಂದು ಪಾತ್ರೆಯಲ್ಲಿ ತಣ್ಣೀರು, ಒಂದರಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೀರದ ಬಿಸಿನೀರು, ನಡುವೆ ಉಗುರುಬೆಚ್ಚಗಿನ ನೀರು ಇಟ್ಟು, ಎಡಗೈಯನ್ನು ತಣ್ಣೀರಿನಲ್ಲಿಯೂ ಬಲಗೈಯನ್ನು ಬಿಸಿನೀರಿನಲ್ಲಿಯೂ ಒಂದು ನಿಮಿಷ ಅದ್ದಿ, ಎರಡನ್ನೂ ಒಟ್ಟಿಗೆ ನಡುವಿನ ಪಾತ್ರೆಗೆ ಹಾಕಿರಿ. ಅದೇ ನೀರು ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಂಪು. ಈ ಗ್ರಾಹಕಗಳು ಚರ್ಮದ ಉಷ್ಣತೆಯಲ್ಲಾಗುವ ಬದಲಾವಣೆಗೇ ಹೆಚ್ಚಾಗಿ ಸ್ಪಂದಿಸುತ್ತವೆ. ಬರಿಮೈಯಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ಮಲಗಿದರೆ ಹಿತವಾಗಿ ತಂಪೆನಿಸಿ, ಅದೇ ಕೋಣೆಯ ಮರದ ಮಣೆ ತಂಪೆನಿಸದಿರುವುದೂ ಇದರಿಂದಲೇ: ಎರಡರ ಉಷ್ಣತೆ ಒಂದೇ ಆಗಿದ್ದರೂ ನೆಲವು ಮೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಸೆಕೆಯನ್ನು ನೆನೆದು ಇನ್ನೊಂದು ಮಾತು ಹೇಳಬೇಕು. ಮನುಷ್ಯನ ಚರ್ಮದಲ್ಲಿ ತೇವವನ್ನೇ ಗುರುತಿಸುವ ಗ್ರಾಹಕವಿಲ್ಲ. ತಂಪು ಮತ್ತು ಸ್ಪರ್ಶದ ಸುದ್ದಿಗಳನ್ನು ಕೂಡಿಸಿ ಮಿದುಳು ‘ಒದ್ದೆ’ ಎಂಬ ತೀರ್ಮಾನಕ್ಕೆ ಬರುತ್ತದೆ. ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಮುಟ್ಟಿ ಹೇಳುವುದು ಕಷ್ಟವಾಗುವುದು ಇದರಿಂದ.

ಗಾಂಧಾರಿ ಮೆಣಸು ಜಜ್ಜಿದ ಕೈ ಗಂಟೆಗಟ್ಟಲೆ ಉರಿಯುವುದನ್ನು ಬಲ್ಲವರಿಗೆ ಮುಂದಿನ ಸಂಗತಿ ಸುಲಭವಾಗಿ ಅರ್ಥವಾಗುತ್ತದೆ. ನೋವಿನ ನರತುದಿಗಳ ಪೊರೆಯಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನಿನ ಸಣ್ಣ ಬಾಗಿಲುಗಳಿದ್ದು, ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಶಾಖಕ್ಕೆ ಅವು ತೆರೆದುಕೊಳ್ಳುತ್ತವೆ. ಮೆಣಸಿನ ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತೆರೆಯುವುದರಿಂದ, ಸುಡದಿದ್ದರೂ ಸುಟ್ಟಂತೆ ಭಾಸವಾಗುತ್ತದೆ. ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಕಂಡುಹಿಡಿಯಿತು. ಒತ್ತಡಕ್ಕೆ ತೆರೆಯುವ ಪೀಜೋ ಪ್ರೋಟೀನುಗಳನ್ನು ಆರ್ಡೆಮ್ ಪಟಪೂಟಿಯನ್ 2010ರಲ್ಲಿ ಗುರುತಿಸಿದರು. ಇಬ್ಬರಿಗೂ 2021ರ ವೈದ್ಯಕೀಯ ನೊಬೆಲ್ ದೊರೆಯಿತು. ನೋವಿನ ಮುಲಾಮಿನಲ್ಲಿರುವ ಮೆಂಥಾಲ್ ತಂಪಿನ ಬಾಗಿಲನ್ನು ಇದೇ ರೀತಿ ತೆರೆಯುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವುದರಿಂದ, ಉರಿಯುವ ಕೈಗೆ ತೆಂಗಿನೆಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪಿನಿಂದ ತೊಳೆಯುವುದು ಸರಿಯಾದ ಕ್ರಮ.

ನೋವನ್ನು ಬೇಕೆಂದೇ ಉಂಟುಮಾಡಿ ಪರೀಕ್ಷಿಸಬಾರದು, ಸೂಜಿಯನ್ನಂತೂ ಬಳಸಲೇಬಾರದು. ಮುರಕಲ್ಲಿನ ಮೆಟ್ಟಿಲಿಗೆ ಕಾಲ್ಬೆರಳು ಎಡವಿದ ದಿನವನ್ನು ನೆನಪಿಸಿಕೊಂಡರೆ ಸಾಕು. ಮೊದಲು ಚುರುಕಾದ ನೋವು, ಒಂದು ಕ್ಷಣದ ಬಳಿಕ ಸುಡುವಂಥ ಮಂದನೋವು. ತೆಳುವಾದ ಕೊಬ್ಬಿನ ಹೊದಿಕೆಯುಳ್ಳ ತಂತುಗಳು ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಒಯ್ದರೆ, ಹೊದಿಕೆಯಿಲ್ಲದವು 2 ಮೀಟರಿಗಿಂತಲೂ ನಿಧಾನ. ಬೆರಳಿನಿಂದ ಬೆನ್ನುಹುರಿಗೆ ಸುಮಾರು ಒಂದು ಮೀಟರ್ ದೂರವಿರುವುದರಿಂದ ಎರಡು ನೋವುಗಳು ಬಿಡಿಬಿಡಿಯಾಗಿ ತಲುಪುತ್ತವೆ. ಎಡವಿದ ಬೆರಳನ್ನು ಉಜ್ಜಿಕೊಂಡರೆ ಹಾಯೆನಿಸುವುದು, ವೇಗವಾಗಿ ಬರುವ ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲಿಯೇ ನೋವಿನ ಸುದ್ದಿಯನ್ನು ತಗ್ಗಿಸುವುದರಿಂದ. 1965ರಲ್ಲಿ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ ಇದನ್ನು ಬಾಗಿಲಿನ ಹೋಲಿಕೆಯಿಂದ ವಿವರಿಸಿದರು.

ಕೊನೆಯ ಪರೀಕ್ಷೆ ಮನೆಯ ಹಿರಿಯರ ಪಾದಗಳದ್ದು. ಸಕ್ಕರೆ ಕಾಯಿಲೆಯಲ್ಲಿ ಸಾಮಾನ್ಯವಾಗಿ ಅತ್ಯಂತ ಉದ್ದದ ನರಗಳೇ ಮೊದಲು ಹಾಳಾಗುವುದರಿಂದ ಮರಗಟ್ಟುವಿಕೆ ಕಾಲ್ಬೆರಳಿನಿಂದ ಮೇಲಕ್ಕೇರುತ್ತದೆ. ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಎಂದು ಕರೆಯುವ ಈ ಕ್ರಮಕ್ಕೆ ಯಾವ ಸಲಕರಣೆಯೂ ಬೇಡ. ಹಿರಿಯರನ್ನು ಮಲಗಿಸಿ, ಬಲ ಯಾವುದು, ಎಡ ಯಾವುದು ಎಂದು ಅವರ ಕಾಲುಗಳನ್ನು ಮುಟ್ಟಿ ಮೊದಲೇ ಹೇಳಿ, ಕಣ್ಣು ಮುಚ್ಚಿಸಿರಿ. ನಿಮ್ಮ ತೋರುಬೆರಳಿನ ತುದಿಯಿಂದ ಬಲಗಾಲಿನ ಹೆಬ್ಬೆರಳು, ಕಿರುಬೆರಳು, ಎಡಗಾಲಿನ ಹೆಬ್ಬೆರಳು, ಕಿರುಬೆರಳು, ಆಮೇಲೆ ಬಲಗಾಲಿನ ಮತ್ತು ಎಡಗಾಲಿನ ನಡುಬೆರಳು, ಈ ಅನುಕ್ರಮದಲ್ಲಿ ಒಂದೊಂದನ್ನೂ ಒಂದೆರಡು ಸೆಕೆಂಡು ಗರಿ ತಾಗಿದಷ್ಟು ಹಗುರವಾಗಿ ಮುಟ್ಟಿರಿ. ಒತ್ತಬಾರದು, ತಟ್ಟಬಾರದು, ಉಜ್ಜಬಾರದು. ಉತ್ತರ ಬಾರದಿದ್ದರೆ ಅದೇ ಬೆರಳನ್ನು ಮತ್ತೆ ಮುಟ್ಟಬಾರದು. ಮುಟ್ಟಿದ್ದು ತಿಳಿದಾಗಲೆಲ್ಲ ಅವರು ಬಲ ಅಥವಾ ಎಡ ಎನ್ನಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಿಂದ ಉತ್ತರ ಬಾರದಿದ್ದರೆ ಸಂವೇದನೆ ಕುಂದಿದೆಯೆಂದು ತಿಳಿದು ವೈದ್ಯರ ಬಳಿ ಹೋಗಬೇಕು. ಅವರು 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದಲೂ 128 ಹರ್ಟ್ಸ್‌ನ ಶ್ರುತಿಕವೆಯಿಂದಲೂ ಖಚಿತಪಡಿಸಿಕೊಳ್ಳುತ್ತಾರೆ. ಇಂಥವರ ಮೇಲೆ ಮೇಲಿನ ಬಿಸಿ ಮತ್ತು ತಂಪಿನ ಪ್ರಯೋಗಗಳನ್ನು ಮಾಡಲೇಬಾರದು.

ನನ್ನ ತಂದೆಯವರು ಆರರಲ್ಲಿ ಎರಡನ್ನು ಮಾತ್ರ ಗುರುತಿಸಿದರು. ಅಂದಿನಿಂದ ಅವರ ಸ್ನಾನಕ್ಕೆ ಹಂಡೆಯ ನೀರನ್ನು ಹದಮಾಡಿ 37 ಡಿಗ್ರಿಗಿಂತ ಕೆಳಗಿರುವಂತೆ ಥರ್ಮಾಮೀಟರಿನಲ್ಲಿ ಅಳೆದೇ ಕೊಡುತ್ತೇವೆ. ಪ್ರತಿರಾತ್ರಿ ಅಮ್ಮ ಅವರ ಅಂಗಾಲನ್ನೂ ಬೆರಳುಗಳ ಸಂದನ್ನೂ ದೀಪದ ಬೆಳಕಿನಲ್ಲಿ ನೋಡುತ್ತಾರೆ. ಗುಳ್ಳೆ ಕಂಡರೆ ಒಡೆಯದೆ ಮರುದಿನವೇ ವೈದ್ಯರಿಗೆ ತೋರಿಸುತ್ತೇವೆ. ಮಠಕ್ಕೆ ಈಗಲೂ ಹೋಗುತ್ತಾರೆ, ಆದರೆ ಕಲ್ಲು ಕಾಯುವ ಮೊದಲು, ಬೆಳಗ್ಗೆ ಏಳರ ಒಳಗೆ.