ಪೋರ್ಟ್ ಆದ ಮೇಲೆ ಮನೆಯೊಳಗೆ ಸಿಗ್ನಲ್ ಇಲ್ವಾ? ಹೀಗೆ ಮಾಡಿ ನೋಡಿ

ಕಳೆದ ಮಳೆಗಾಲದಲ್ಲಿ ಊರಿನಲ್ಲಿರುವ ಅಮ್ಮನ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದೆ. ರೀಚಾರ್ಜ್ ಅಗ್ಗ ಎಂಬುದೊಂದೇ ಕಾರಣ. ಮರುದಿನದಿಂದ ಫೋನ್ ರಿಂಗಾದರೆ ಅಮ್ಮ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಜಗಲಿಗೆ ಓಡಬೇಕಾಯಿತು. ವಾಪಸ್ ಹೋಗೋಣ ಎಂದರೆ, ಒಮ್ಮೆ ಪೋರ್ಟ್ ಆದ ಮೇಲೆ 90 ದಿನ ಮತ್ತೆ ಪೋರ್ಟ್ ಮಾಡುವಂತಿಲ್ಲ.

ಮೊದಲು ಫೋನಿನ ಸೆಟ್ಟಿಂಗ್ಸ್ ನೋಡಿ. ಮೊಬೈಲ್ ನೆಟ್‌ವರ್ಕ್ ವಿಭಾಗದಲ್ಲಿ ವೋಲ್ಟ್ (VoLTE, ಅಂದರೆ 4ಜಿ ಮೂಲಕವೇ ಕರೆ ಮಾಡುವ ಸೌಲಭ್ಯ) ಆನ್ ಇರಬೇಕು. ಜಿಯೊಗೆ 2ಜಿ, 3ಜಿ ಇಲ್ಲ, ಹಾಗಾಗಿ ವೋಲ್ಟ್ ಇಲ್ಲದಿದ್ದರೆ ಮಾಮೂಲಿ ಕರೆ ಹೋಗುವುದೇ ಇಲ್ಲ. 5ಜಿ ಬಂದು ಹೋಗುತ್ತಿದ್ದರೆ ಸ್ವಲ್ಪ ದಿನ 4ಜಿಗೆ ಇಳಿಸಿ. ಒಮ್ಮೆ ಫೋನ್ ಆಫ್ ಮಾಡಿ ಆನ್ ಮಾಡಿ.

ಆಮೇಲೆ ಸಿಗ್ನಲ್ ಅಳೆಯಿರಿ. ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನ್ ಒಂದೊಂದು ಥರ ತೋರಿಸುತ್ತದೆ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ‘ಅಬೌಟ್ ಫೋನ್’ ಒಳಗೆ ಸಿಮ್ ಸ್ಟೇಟಸ್ ಒತ್ತಿದರೆ ಸಿಗ್ನಲ್ ಎಷ್ಟು ಬಲವಾಗಿದೆ ಎಂದು ಹೇಳುವ ಡಿಬಿಎಂ (dBm) ಲೆಕ್ಕ ಸಿಗುತ್ತದೆ. ಅದು ಮೈನಸ್ ಸಂಖ್ಯೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ನಮ್ಮ ಅಡುಗೆಮನೆಯಲ್ಲಿ −118 ಇತ್ತು, ಜಗಲಿಯ ಕಿಟಕಿಯ ಹತ್ತಿರ −98. ಬರೀ 20 ಅಂಕ ಅಲ್ವಾ ಅನಿಸಬಹುದು. ಆದರೆ 10 ಅಂಕಕ್ಕೆ ಹತ್ತು ಪಟ್ಟು, 20ಕ್ಕೆ ನೂರು ಪಟ್ಟು ವ್ಯತ್ಯಾಸ! ದಪ್ಪ ಜಂಬಿಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ, ತಗಡಿನ ಶೀಟು ಎಲ್ಲವೂ ಸಿಗ್ನಲ್ಲನ್ನು ತಡೆಯುತ್ತವೆ. ಕಂಪನಿಗಳು ಸಿಗ್ನಲ್ ಕಳಿಸುವ ಬ್ಯಾಂಡ್‌ಗಳಲ್ಲಿ (ರೇಡಿಯೊ ಆವರ್ತನಗಳಲ್ಲಿ) 2300 ಮೆಗಾಹರ್ಟ್ಸ್‌ನಂಥ ಮೇಲಿನವು ಗೋಡೆ ದಾಟಲು ಒದ್ದಾಡುತ್ತವೆ, 850, 900ರಂಥ ಕೆಳಗಿನವು ಸಲೀಸಾಗಿ ಒಳಗೆ ಬರುತ್ತವೆ. ಒಂದೇ ಮನೆಯಲ್ಲಿ ಒಂದು ಕಂಪನಿ ಸಿಕ್ಕಿ ಇನ್ನೊಂದು ಸಿಗದಿರಲು ಇದೂ ಒಂದು ಕಾರಣ. ಟವರ್ ಎಷ್ಟು ದೂರ ಇದೆ ಎಂಬುದಂತೂ ಇದ್ದೇ ಇದೆ.

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ನಿಮ್ಮ ಮುಕ್ಕಾಲು ಕಷ್ಟ ಮುಗಿಯಿತು. ಸೆಟ್ಟಿಂಗ್ಸ್‌ನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ, ಕರೆ ಟವರ್ ಬದಲು ಮನೆಯ ವೈಫೈ ಮೂಲಕ ಹೋಗುತ್ತದೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಬೇರೆ ಆ್ಯಪ್ ಬೇಡ, ಅದೇ ನಂಬರ್‌ನಿಂದ ಎಂದಿನಂತೆ ಕರೆ ಮಾಡಬಹುದು. ಫೋನಿಗೆ ಈ ಸೌಲಭ್ಯ ಇರಬೇಕು, ಅಷ್ಟೇ. ಅಮ್ಮನಿಗೆ ನೆಮ್ಮದಿ ತಂದಿದ್ದು ಇದೇ. ಆದರೆ ಕರೆಂಟ್ ಹೋದರೆ ರೂಟರ್ ಜೊತೆ ಕರೆಯೂ ಹೋಗುತ್ತದೆ. ಮಲೆನಾಡಿನ ಮಳೆಯಲ್ಲಿ ಇದು ದಿನಾ ಇದ್ದದ್ದೇ. ರೂಟರ್‌ಗೊಂದು ಪುಟ್ಟ ಯುಪಿಎಸ್ ಹಾಕಿಸಿ, ವಯಸ್ಸಾದವರು ಒಬ್ಬರೇ ಇರುವ ಮನೆಯಲ್ಲಂತೂ ತಪ್ಪದೇ ಹಾಕಿಸಿ.

ಆನ್‌ಲೈನ್‌ನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ಬೇಡ. ಅನುಮತಿ ಇಲ್ಲದೆ ಅದನ್ನು ಹಾಕುವುದು ಕಾನೂನುಬಾಹಿರ. ಜೊತೆಗೆ ಸುತ್ತಲಿನವರ ಸಿಗ್ನಲ್ಲೂ ಹಾಳಾಗುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ 198ಕ್ಕೆ ಕರೆ ಮಾಡಿ ದೂರು ಕೊಡಿ, ಅವರು ಕೊಡುವ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಉತ್ತರ ಸಮಾಧಾನ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.

ಇನ್ನೂ ಪೋರ್ಟ್ ಮಾಡಿಸದವರು 1900ಕ್ಕೆ ಮೆಸೇಜ್ ಕಳಿಸುವ ಮೊದಲು ಒಂದು ಕೆಲಸ ಮಾಡಿ. ಆ ಕಂಪನಿಯ ಸಿಮ್ ಇರುವ ನೆಂಟರು ಯಾರಾದರೂ ಮನೆಗೆ ಬಂದಾಗ, ಅಡುಗೆಮನೆಯ ಒಲೆಯ ಪಕ್ಕ ನಿಂತು ಅವರ ಫೋನಿನಿಂದ ಒಂದು ಕರೆ ಮಾಡಿ ನೋಡಿ.